ಒಂದೇ ಹೆಸರಿನ ಎರಡು ಡಬ್ಬಿಗಳು

ಮೇಷ್ಟ್ರು ಅವಳನ್ನು ಮೊದಲು ಕಂಡದ್ದು ಶಾಲೆಯ ಸೇರ್ಪಡೆಯ ದಿನ. ಹನ್ನೆರಡು ವರ್ಷದ ಹುಡುಗಿ. ಎರಡು ಜಡೆ, ಅದರಲ್ಲಿ ಒಂದರ ಟೇಪು ಬಿಚ್ಚಿ ಭುಜದ ಮೇಲೆ ಜೋತಾಡುತ್ತಿತ್ತು. ಆರು ವರ್ಷದ ತಮ್ಮನ ಮಣಿಕಟ್ಟನ್ನು ಭದ್ರವಾಗಿ ಹಿಡಿದುಕೊಂಡು, ಅಪ್ಪ ಅಮ್ಮಂದಿರ ಸಾಲಿನಲ್ಲಿ ತಾನೂ ಒಬ್ಬ ದೊಡ್ಡವಳೆಂಬಂತೆ ನಿಂತಿದ್ದಳು. ಸರದಿ ಬಂದಾಗ ತುಂಬಿದ ಅರ್ಜಿಯನ್ನು ಮೇಜಿನ ಮೇಲಿಟ್ಟಳು. ಅಕ್ಷರ ಮುತ್ತು ಪೋಣಿಸಿದಂತಿತ್ತು. ಆದರೆ ಪೋಷಕರ ಹೆಸರು ಇರಬೇಕಾದ ಜಾಗದಲ್ಲಿ ಅವಳದೇ ಹೆಸರಿತ್ತು.

“ಇದೇನಮ್ಮ, ಪೋಷಕರು ಅನ್ನೋ ಕಡೆ ನಿನ್ನ ಹೆಸರು ಬರೆದಿದೀಯಲ್ಲ?” ಎಂದು ಮೇಷ್ಟ್ರು ಕೇಳಿದರು.

“ಅಮ್ಮ ಹೊಲಿಗೆ ಕಾರ್ಖಾನೆಗೆ ಹೋಗಿದಾರೆ ಸಾರ್. ಅಲ್ಲಿ ರಜ ಕೊಡಲ್ಲ.”

“ಹಾಗಂತ ನೀನೇ ಪೋಷಕಿ ಆಗ್ಬಿಡ್ತೀಯಾ?”

“ಇವನು ಏನಾದ್ರೂ ತಪ್ಪು ಮಾಡಿದ್ರೆ ನನಗೇ ಹೇಳಿ ಸಾರ್. ಅಮ್ಮನಿಗೆ ಹೇಳ್ಬೇಡಿ. ಅವರಿಗೆ ಮೊದಲೇ ಸಾಕಾಗಿರತ್ತೆ.”

ಮೇಷ್ಟ್ರಿಗೆ ನಗು ಬಂತು. ಆದರೆ ಹುಡುಗಿ ನಗಲಿಲ್ಲ. ತಮ್ಮ ಮಾತ್ರ, ಇದು ಯಾರ ವಿಷಯವೋ ಎಂಬಂತೆ, ಮೇಜಿನ ಮೇಲಿದ್ದ ಗೋಂದಿನ ಬಾಟಲಿಯೊಳಗೆ ಬೆರಳು ಅದ್ದಿ ನೋಡುತ್ತಿದ್ದ. ಅವನ ಬೆರಳನ್ನು ತನ್ನ ಲಂಗದ ಅಂಚಿನಿಂದ ಒರೆಸಿ, ಮೇಷ್ಟ್ರ ಕಡೆ ತಿರುಗಿ, “ತಪ್ಪಾಯ್ತು ಸಾರ್” ಎಂದವಳು ಅವಳು, ಅವನಲ್ಲ.

ಆ ಅಕ್ಕ ತಮ್ಮಂದಿರ ಕತೆ ಆ ದಿನದಿಂದ ಹೆಚ್ಚು ಬದಲಾಗಲಿಲ್ಲ. ಅವಳು ಓದಿದಳು, ಅವನನ್ನೂ ಓದಿಸಿದಳು. ಓದು ಮುಗಿಸಿ ಅವಳು ತಂಪು ಕೋಣೆಗಳ ಕಾವಲಿಗೆ ಪ್ಯಾನೆಲ್ ತಯಾರಿಸುವ ಒಂದು ಸಣ್ಣ ಕಾರ್ಖಾನೆಗೆ ಸೇರಿದಳು. ಪ್ಯಾನೆಲ್ ಎಂದರೆ ಗೋಡೆಗೆ ತೂಗುಹಾಕುವ, ಪಂಚಾಂಗದಷ್ಟು ದೊಡ್ಡದಾದ ಒಂದು ಪೆಟ್ಟಿಗೆ. ಕೋಣೆಯ ಉಷ್ಣತೆ ಎಷ್ಟಿದೆ ಎಂದು ಅದು ಕ್ಷಣಕ್ಷಣಕ್ಕೂ ನೋಡುತ್ತದೆ. ಮಿತಿ ಮೀರಿದರೆ ಊರಿಗೆಲ್ಲ ಕೇಳುವಂತೆ ಗಂಟೆ ಬಾರಿಸುತ್ತದೆ. ಆ ಪೆಟ್ಟಿಗೆಯೊಳಗೆ ಓಡುವ ಪ್ರೋಗ್ರಾಮನ್ನು ಬರೆಯುವುದು ಅವಳ ಕೆಲಸ. ಎಂಟು ವರ್ಷ ಕಳೆದ ಮೇಲೆ ಯಜಮಾನರ ಮುಂದೆ ನಿಂತು, “ನನ್ನ ತಮ್ಮ ಇದಾನೆ. ಕೈ ಚುರುಕು, ಗಮನ ಸ್ವಲ್ಪ ಕಡಿಮೆ. ಗಮನ ನಾನು ನೋಡ್ಕೋತೀನಿ” ಎಂದು ಹೇಳಿ ಅವನನ್ನೂ ಅಲ್ಲಿಗೇ ಸೇರಿಸಿದಳು. ಮೊದಲ ದಿನವೇ ಅವನು ಹಜಾರದ ಈ ತುದಿಯಿಂದ ಆ ತುದಿಗೆ “ಅಕ್ಕಾ!” ಎಂದು ಕೂಗಿದ. ಅಂದಿನಿಂದ ಅವಳು ಕಾರ್ಖಾನೆಗೆಲ್ಲ ಅಕ್ಕನಾದಳು. ಅವಳಿಗಿಂತ ಹತ್ತು ವರ್ಷ ದೊಡ್ಡವರಾದ ಯಜಮಾನರೂ ಅಕ್ಕ ಎಂದೇ ಕರೆಯತೊಡಗಿದರು. ಅವನು ಎಲ್ಲರಿಗೂ ತಮ್ಮ.

ಅಕ್ಕ ಬರೆಯುತ್ತಿದ್ದುದು ಲೈಬ್ರರಿ. ಪುಸ್ತಕಗಳದ್ದಲ್ಲ, ಯಂತ್ರದೊಳಗೆ ಮರೆಯಲ್ಲಿ ಕುಳಿತು ದುಡಿಯುವ ಕೆಲಸಗಳ ಒಂದು ಕಟ್ಟು. ಉಷ್ಣತೆಯನ್ನು ಓದುವುದು, ಅದನ್ನು ಮಿತಿಯೊಂದಿಗೆ ಹೋಲಿಸುವುದು, ಮೀರಿದ್ದರೆ ಗಂಟೆ ಬಾರಿಸುವುದು, ಇವೆಲ್ಲ ಅದರ ಪಾಲು. ತಮ್ಮ ಬರೆಯುತ್ತಿದ್ದುದು ಅಪ್ಲಿಕೇಶನ್. ಪರದೆಯ ಮೇಲೆ ಜನರ ಕಣ್ಣಿಗೆ ಬೀಳುವ ಅಂಕಿಗಳು, ಬೆರಳಿನಿಂದ ಒತ್ತುವ ಗುಂಡಿಗಳು ಅವನ ಪಾಲು. ಅಡುಗೆ ಮಾಡುವವಳು ಅಕ್ಕ, ಬಡಿಸುವವನು ತಮ್ಮ ಎಂದು ಕಾರ್ಖಾನೆಯಲ್ಲಿ ತಮಾಷೆ ಮಾಡುತ್ತಿದ್ದರು. ಹೊಗಳಿಕೆ ಬಡಿಸಿದವನಿಗೇ ಸಲ್ಲುತ್ತಿತ್ತು; ಅದರ ಬಗ್ಗೆ ಅಕ್ಕನಿಗೆ ಬೇಸರವೇನೂ ಇರಲಿಲ್ಲ.

ಈ ಎರಡರ ನಡುವೆ ಹಂಚಿಕೊಂಡ ಕೆಲವು ಅಂಕಿಗಳಿದ್ದವು. ಕಸುಬಿನವರು ಅವನ್ನು ಗ್ಲೋಬಲ್ ವೇರಿಯಬಲ್ ಎನ್ನುತ್ತಾರೆ. ಅಕ್ಕ ಡಬ್ಬಿ ಎನ್ನುತ್ತಿದ್ದಳು. ಹೊರಗೆ ಹೆಸರಿನ ಚೀಟಿ, ಒಳಗೊಂದು ಅಂಕಿ. ‘ಮಿತಿ’ ಎಂಬುದು ಅಂಥ ಒಂದು ಡಬ್ಬಿ. ಕೋಣೆ ನೋಡಿಕೊಳ್ಳುವವರು ಪರದೆಯಲ್ಲಿ ಎಂಟು ಡಿಗ್ರಿ ಎಂದು ಒತ್ತಿದರೆ ತಮ್ಮನ ಅಪ್ಲಿಕೇಶನ್ ಆ ಎಂಟನ್ನು ಡಬ್ಬಿಯಲ್ಲಿಡುತ್ತಿತ್ತು. ಅಕ್ಕನ ಲೈಬ್ರರಿ ಅದೇ ಡಬ್ಬಿಯನ್ನು ತೆರೆದು ನೋಡಿ, ಗಂಟೆ ಬಾರಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿತ್ತು. ಡಬ್ಬಿ ಇರುವುದು ಲೈಬ್ರರಿಯ ಮನೆಯಲ್ಲಿ. ಅಪ್ಲಿಕೇಶನ್ನಿನಲ್ಲಿ ಅದರ ಹೆಸರನ್ನು ಬರೆಯುವಾಗ ‘ಇದು ಹೊರಗಿನದು, ನನ್ನದಲ್ಲ’ ಎಂದು ಹೇಳುವ ಒಂದು ಪದವನ್ನು ಮುಂದೆ ಸೇರಿಸಬೇಕು. ಆ ಒಂದು ಪದದ ಬಲದಿಂದ ಇಬ್ಬರೂ ಒಂದೇ ಡಬ್ಬಿಗೆ ಕೈಹಾಕುತ್ತಿದ್ದರು.

ಹಂಚಿಕೊಂಡದ್ದು ಯಾವಾಗಲೂ ಜಗಳದ ಬೀಜ ಎಂದು ಅಕ್ಕನಿಗೆ ಗೊತ್ತಿತ್ತು. ಅದಕ್ಕಾಗಿ ಅವಳು ಹಜಾರದ ಗೋಡೆಯ ಮೇಲೆ ಒಂದು ಕಪ್ಪು ಹಲಗೆ ಹಾಕಿಸಿದ್ದಳು. ಹಂಚಿಕೊಂಡ ಹನ್ನೊಂದು ಡಬ್ಬಿಗಳ ಹೆಸರು ಅದರ ಮೇಲಿತ್ತು. ಯಾವುದನ್ನು ಮುಟ್ಟಬೇಕಾದರೂ ಮೊದಲು ಸುಣ್ಣದ ಕಡ್ಡಿಯಿಂದ ಅದರ ಎದುರು ಬರೆಯಬೇಕು, ಇನ್ನೊಬ್ಬರು ನೋಡಿ ಸಹಿ ಹಾಕಬೇಕು, ಆಮೇಲೆ ಭೂತಗನ್ನಡಿ ಎಲ್ಲವನ್ನೂ ಹೊಸದಾಗಿ ಪರೀಕ್ಷಿಸಬೇಕು. ಭೂತಗನ್ನಡಿ ಎಂದರೆ ಪರೀಕ್ಷೆಯ ವಿಭಾಗದ ಹೆಂಗಸು. ದಪ್ಪ ಕನ್ನಡಕ, ತೆಳ್ಳನೆಯ ದನಿ. ಸಣ್ಣ ತಪ್ಪನ್ನೂ ಆನೆಯಷ್ಟು ದೊಡ್ಡದು ಮಾಡಿ ತೋರಿಸುತ್ತಾಳೆಂದು ಆ ಹೆಸರು. ಹಲಗೆ, ಸಹಿ, ಪರೀಕ್ಷೆ ಎಲ್ಲ ಸೇರಿ ಒಂದು ವಾರ ಹಿಡಿಯುತ್ತಿತ್ತು.

“ಅಕ್ಕ, ಒಂದು ಅಂಕಿ ಬದಲಾಯಿಸೋಕೆ ಮದುವೆ ಮಾಡಿದಷ್ಟು ಶಾಸ್ತ್ರ ಮಾಡಿಸ್ತೀಯಲ್ಲ!” ಎಂದು ತಮ್ಮ ರೇಗಿಸುತ್ತಿದ್ದ.

“ಮದುವೆ ಕೆಟ್ಟರೆ ಎರಡು ಮನೆ ಕೆಡತ್ತೆ. ಇದು ಕೆಟ್ಟರೆ ಎಷ್ಟು ಮನೆ ಅಂತ ಗೊತ್ತಾ ನಿನಗೆ?”

“ಸರಿ ತಾಯಿ, ಸುಣ್ಣದ ಕಡ್ಡಿ ಕೊಡು.”

ಹೀಗೆ ಹದಿನಾಲ್ಕು ವರ್ಷ ನಡೆಯಿತು. ಆಮೇಲೆ ಹೊಸ ಪ್ಯಾನೆಲ್ಲುಗಳು ಬಂದವು.

ಹೊಸ ಪ್ಯಾನೆಲ್ಲಿನ ಸ್ವಭಾವವೇ ಬೇರೆ. ಹಳೆಯದು ಧಾರಾಳಿ, ಲೈಬ್ರರಿಯೊಳಗಿನ ಹೆಸರುಗಳೆಲ್ಲ ಎಲ್ಲರಿಗೂ ಕಾಣುತ್ತಿದ್ದವು. ಎರಡು ಕಡೆ ಒಂದೇ ಹೆಸರಿನ ಡಬ್ಬಿ ಕಂಡರೂ ಅದು ಎರಡನ್ನೂ ಸೇರಿಸಿ ಒಂದೇ ಮಾಡಿಬಿಡುತ್ತಿತ್ತು. ಹೊಸದು ಬಾಗಿಲು ಮುಚ್ಚಿಕೊಂಡು ಬಾಳುವ ಜಾತಿ. ಇಂಥ ಹೆಸರನ್ನು ಹೊರಗೆ ತೋರಿಸು ಎಂದು ಲೈಬ್ರರಿ ಬರೆದವರು ಹೇಳದ ಹೊರತು ತೋರಿಸುವುದಿಲ್ಲ. ತಮ್ಮ ತನ್ನ ಅಪ್ಲಿಕೇಶನ್ನನ್ನು ಹೊಸ ಪ್ಯಾನೆಲ್ಲಿಗೆ ಜೋಡಿಸಲು ಹೋದಾಗ ‘ಮಿತಿ ಎಂಬ ಹೆಸರು ಎಲ್ಲಿಯೂ ಇಲ್ಲ’ ಎಂದು ಅದು ತಗಾದೆ ತೆಗೆಯಿತು. ಮಾಡಬೇಕಾದದ್ದು ಇಷ್ಟೇ: ಅಕ್ಕನ ಹತ್ತಿರ ಹೋಗಿ, ಆ ಡಬ್ಬಿಯನ್ನು ಹೊರಗೆ ತೋರಿಸಲು ಹೇಳುವುದು. ಆದರೆ ಹಾಗೆ ಹೇಳಿದರೆ ಹಲಗೆ, ಸಹಿ, ಪರೀಕ್ಷೆ. ಪ್ಯಾನೆಲ್ಲುಗಳು ಹೊರಡಬೇಕಾದ ದಿನಕ್ಕೆ ಉಳಿದದ್ದು ಮೂರೇ ದಿನ.

ತಮ್ಮ ಹಲಗೆಯ ಹತ್ತಿರ ಹೋಗಲಿಲ್ಲ. ‘ಇದು ಹೊರಗಿನದು’ ಎನ್ನುವ ಆ ಒಂದು ಪದವನ್ನು ಅಳಿಸಿದ. ತಗಾದೆ ನಿಂತಿತು. ನಿಲ್ಲದೆ ಏನು? ಆ ಪದ ಹೋದ ಕೂಡಲೇ ಅಪ್ಲಿಕೇಶನ್ ತನ್ನದೇ ಒಂದು ಡಬ್ಬಿ ಮಾಡಿಕೊಂಡಿತ್ತು. ಅದರ ಮೇಲೂ ‘ಮಿತಿ’ ಎಂಬ ಚೀಟಿ, ಲೈಬ್ರರಿಯ ಡಬ್ಬಿಯ ಮೇಲೂ ಅದೇ ಚೀಟಿ. ಕಾರ್ಖಾನೆಯಿಂದ ಹೊರಡುವಾಗ ಎರಡರೊಳಗೂ ಎಂಟು ಎಂಬ ಅಂಕಿಯೇ ಇದ್ದದ್ದರಿಂದ ಭೂತಗನ್ನಡಿಯ ಕಣ್ಣಿಗೂ ಅದು ಬೀಳಲಿಲ್ಲ. ನಲವತ್ತಮೂರು ಪ್ಯಾನೆಲ್ಲುಗಳು ನಲವತ್ತಮೂರು ಕೋಣೆಗಳ ಗೋಡೆ ಏರಿದವು. ಅಕ್ಕನಿಗೆ ಇದಾವುದೂ ಗೊತ್ತಿರಲಿಲ್ಲ.

ಐದು ತಿಂಗಳ ನಂತರ ಒಂದು ಔಷಧಿ ಉಗ್ರಾಣದಿಂದ ಫೋನು ಬಂತು. ಮಕ್ಕಳಿಗೆ ಕೊಡುವ ಹೊಸ ಔಷಧಿ ಅಲ್ಲಿಗೆ ಬಂದಿತ್ತು; ಐದು ಡಿಗ್ರಿಗಿಂತ ಮೇಲೆ ಹೋಗಬಾರದು. ಅಲ್ಲಿನ ಉಸ್ತುವಾರಿಯಮ್ಮ ಪರದೆಯಲ್ಲಿ ಐದು ಎಂದು ಒತ್ತಿ, ಐದು ಎಂದು ಕಾಣಿಸಿದ್ದನ್ನು ನೋಡಿ, ಬೀಗ ಹಾಕಿಕೊಂಡು ಮೂರು ದಿನದ ರಜೆಗೆ ಹೋಗಿದ್ದರು. ತಂಪು ಯಂತ್ರದ ಫ್ಯಾನು ಒಂದು ಕೆಟ್ಟು ಕೋಣೆ ಏಳು ಡಿಗ್ರಿಗೆ ಏರಿತು, ಅಲ್ಲೇ ನಿಂತಿತು. ಗಂಟೆ ಬಾರಿಸಲಿಲ್ಲ. ಪರದೆ ನೋಡುತ್ತಿದ್ದುದು ಐದಿರುವ ಡಬ್ಬಿಯನ್ನು. ಗಂಟೆ ನೋಡುತ್ತಿದ್ದುದು ಎಂಟಿರುವ ಡಬ್ಬಿಯನ್ನು. ಪುಣ್ಯಕ್ಕೆ ಉಸ್ತುವಾರಿಯಮ್ಮ ಯಂತ್ರಕ್ಕಿಂತ ಗಾಜಿನ ಕೊಳವೆಯ ಹಳೇ ಥರ್ಮಾಮೀಟರನ್ನು ಹೆಚ್ಚು ನಂಬುವವರು. ರಜೆ ಮುಗಿಸಿ ಬಂದವರೇ ಅದನ್ನು ನೋಡಿ, ಒಂದು ಹನಿ ಔಷಧಿಯೂ ಹೊರಗೆ ಹೋಗದಂತೆ ತಡೆದರು. ಯಾವ ಮಗುವಿಗೂ ಏನೂ ಆಗಲಿಲ್ಲ. ಕೋಣೆ ತುಂಬ ಔಷಧಿ ಮಾತ್ರ ಗುಂಡಿ ಸೇರಿತು.

ಯಜಮಾನರು ಎಲ್ಲರನ್ನೂ ಕೂರಿಸಿಕೊಂಡು ಕೇಳಿದರು. ತಮ್ಮ ಪರದೆಯ ಚಿತ್ರವನ್ನು ಮುಂದಿಟ್ಟ.

“ನೋಡಿ ಸಾರ್, ನನ್ನ ಪರದೆ ಐದು ಅಂತ ಸರಿಯಾಗೇ ತೋರಿಸ್ತಿದೆ. ಗಂಟೆ ಬಾರಿಸೋದು ನನ್ನ ಕೆಲಸ ಅಲ್ಲ.”

ಅಕ್ಕನ ಹೆಸರನ್ನು ಅವನು ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಎಲ್ಲರ ಕಣ್ಣು ತಾನಾಗಿ ಅಕ್ಕನ ಕಡೆ ಹೊರಳಿತು.

“ಸಾರ್, ನನಗೆ ಹನ್ನೆರಡು ದಿನ ಕೊಡಿ, ಹುಡುಕ್ತೀನಿ” ಎಂದಳು ಅಕ್ಕ.

“ಹುಡುಕಿ ಅಕ್ಕ. ಆದ್ರೆ ಮುಂದಿನ ವಾರದ ಶುಕ್ರವಾರ ನಾನು ಉಗ್ರಾಣದವರಿಗೆ ಬರೆದು ಕೊಡಲೇಬೇಕು. ಏನೂ ಸಿಗದಿದ್ರೆ ತಪ್ಪು ಲೈಬ್ರರಿಯದು ಅಂತ ನೀವು ಸಹಿ ಹಾಕಬೇಕಾಗತ್ತೆ. ಆಮೇಲೆ ಲೈಬ್ರರಿ ಹೊರಗಿನಿಂದ ತರಿಸ್ಬೇಕು. ಆಗ ನಿಮ್ಮನ್ನ ಇಲ್ಲಿ ಇಟ್ಕೊಳ್ಳೋದು...” ಯಜಮಾನರು ಮಾತನ್ನು ಅಲ್ಲಿಗೇ ನಿಲ್ಲಿಸಿ ಕನ್ನಡಕ ಒರೆಸಿಕೊಂಡರು. ಒಳ್ಳೆಯವರು, ಕೆಟ್ಟ ಮಾತನ್ನು ಪೂರ್ತಿ ಮಾಡುವ ಅಭ್ಯಾಸ ಅವರಿಗಿರಲಿಲ್ಲ.

ಇಪ್ಪತ್ತೆರಡು ವರ್ಷದ ದುಡಿಮೆ. ಅಕ್ಕ ತಾನು ಬರೆದ ಒಂದೊಂದು ಸಾಲನ್ನೂ, ಅಕ್ಕಿಯಲ್ಲಿ ಕಲ್ಲು ಆರಿಸುವಂತೆ, ಮತ್ತೆ ಓದಿದಳು. ತನ್ನ ಲೈಬ್ರರಿಯನ್ನೂ ತಮ್ಮನ ಅಪ್ಲಿಕೇಶನ್ನನ್ನೂ ತನ್ನ ಮೇಜಿನ ಮೇಲಿದ್ದ ಹಳೆಯ ಪ್ಯಾನೆಲ್ಲಿಗೆ ಜೋಡಿಸಿ ಐದು ಎಂದು ಒತ್ತಿದಳು, ಉಷ್ಣತೆ ಅಳೆಯುವ ಸೆನ್ಸರನ್ನು ಮಂಜುಗಡ್ಡೆಯಲ್ಲಿ ತಣಿಸಿ, ಮುಷ್ಟಿಯಲ್ಲಿ ಹಿಡಿದು ಬಿಸಿ ಮಾಡಿದಳು. ಉಷ್ಣತೆ ಐದು ಡಿಗ್ರಿ ದಾಟಿದ ಕೂಡಲೇ ಗಂಟೆ ಸರಿಯಾಗಿ ಬಾರಿಸಿತು. ನೂರು ಸಲ ಮಾಡಿದರೂ ನೂರು ಸಲವೂ ಬಾರಿಸಿತು. ಹಳೆಯ ಪ್ಯಾನೆಲ್ಲು ಎರಡು ಡಬ್ಬಿಗಳನ್ನು ಒಂದು ಮಾಡಿಬಿಡುತ್ತದೆಂಬುದು ಅವಳಿಗೆ ಗೊತ್ತಿದ್ದ ವಿಷಯವೇ. ಆದರೆ ಎರಡು ಡಬ್ಬಿಗಳು ಇರಬಹುದೆಂಬ ಅನುಮಾನ ಬಂದರೆ ತಾನೆ!

“ನಿನ್ನ ಕಡೆ ಏನಾದ್ರೂ ಬದಲಾಯಿಸಿದ್ಯೇನೋ?” ಎಂದು ಮೊದಲ ದಿನವೇ ತಮ್ಮನನ್ನು ಕೇಳಿದ್ದಳು.

“ಇಲ್ಲ ಅಕ್ಕ.”

“ಹೊಸ ಪ್ಯಾನೆಲ್ ಒಂದು ಇದ್ರೆ ಕೊಡು. ಅದರಲ್ಲೇ ನೋಡ್ಬಿಡ್ತೀನಿ.”

“ಎಲ್ಲಾ ಗಿರಾಕಿಗಳಿಗೆ ಹೋಯ್ತಲ್ಲಕ್ಕ. ಒಂದೂ ಉಳಿದಿಲ್ಲ.”

ಅಷ್ಟಕ್ಕೇ ಬಿಟ್ಟಳು. ಅವನು ಬರೆದದ್ದನ್ನು ಅವನನ್ನು ಕೇಳದೆ ತೆರೆದು ನೋಡುವ ಅಭ್ಯಾಸ ಅವಳಿಗಿರಲಿಲ್ಲ. ಬೆಳೆದ ತಮ್ಮನ ಕೋಣೆಗೆ ಬಾಗಿಲು ತಟ್ಟದೆ ಹೋಗುತ್ತಾರೆಯೇ? ಅವನಾದರೋ ಆ ದಿನಗಳಲ್ಲಿ ಎಂದೂ ಇಲ್ಲದಷ್ಟು ಅಕ್ಕರೆ ತೋರಿಸಿದ. ಮಧ್ಯಾಹ್ನ ಚಹಾ ತಂದುಕೊಟ್ಟ. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕುಳಿತು, “ಈ ಸಾಲು ನೋಡಕ್ಕ, ಇಲ್ಲೇನಾದ್ರೂ ಇರಬಹುದಾ?” ಎಂದು ಅವಳ ಪ್ರೋಗ್ರಾಮಿನಲ್ಲೇ ಬೆರಳಿಟ್ಟು ತೋರಿಸಿದ. ಅವನು ತೋರಿಸಿದ ಕಡೆಯೆಲ್ಲ ಅವಳು ಹುಡುಕಿದಳು. ಒಂದು ಮಧ್ಯಾಹ್ನ ಅವಳ ಕಣ್ಣು ಕೆಂಪಾದದ್ದನ್ನು ನೋಡಿ, “ಸ್ವಲ್ಪ ಹೊತ್ತು ಮಲಗಕ್ಕ, ನಾನು ನೋಡ್ತಿರ್ತೀನಿ” ಎಂದ. ತಮ್ಮ ಎಂದರೆ ಹೀಗಿರಬೇಕು ಎಂದು ಅವಳು ಅಂದೇ ಅಮ್ಮನ ಹತ್ತಿರ ಹೊಗಳಿಕೊಂಡಳು.

ಹನ್ನೊಂದನೆಯ ದಿನ, ಗುರುವಾರ, ಊಟದ ಹೊತ್ತಿಗೆ ಭೂತಗನ್ನಡಿ ಕಾರ್ಖಾನೆಯ ದಾಸ್ತಾನಿನ ದಪ್ಪ ಪುಸ್ತಕವೊಂದನ್ನು ಅಪ್ಪಿಕೊಂಡು ಬಂದಳು.

“ಅಕ್ಕ, ಹೊಸ ಪ್ಯಾನೆಲ್ ಎಷ್ಟು ತಯಾರಾದ್ವು?”

“ನಲವತ್ತಮೂರು.”

“ನಲವತ್ತನಾಲ್ಕು. ನಲವತ್ತಮೂರು ಹೊರಗೆ ಹೋಗಿದೆ. ಒಂದನ್ನ ಪರೀಕ್ಷೆಗೆ ಅಂತ ಒಬ್ಬರು ಬರೆದು ತಗೊಂಡಿದಾರೆ. ಸಹಿ ಯಾರದು ಅಂತ ನೀವೇ ನೋಡಿ. ನನಗೆ ಹೇಳೋಕೆ ಬಾಯಿ ಬರ್ತಿಲ್ಲ.”

ಸಹಿಯನ್ನು ಗುರುತಿಸಲು ಅಕ್ಕನಿಗೆ ಕನ್ನಡಕ ಬೇಕಾಗಲಿಲ್ಲ. ಆ ಅಕ್ಷರವನ್ನು ಕೈಹಿಡಿದು ತಿದ್ದಿಸಿದವಳೇ ಅವಳು.

“ಮರೆತಿರ್ತಾನೆ” ಎಂದಳು.

“ಮರೆತವರು ಅದನ್ನ ಬೀರುಲಿಟ್ಟು ಎರಡು ಬೀಗ ಹಾಕ್ತಾರಾ ಅಕ್ಕ?” ಎಂದು ಭೂತಗನ್ನಡಿ ಪುಸ್ತಕ ಮುಚ್ಚಿದಳು.

ತಮ್ಮ ಊಟಕ್ಕೆ ಹೋಗಿದ್ದ. ಅವನ ಬೀರುವಿನ ಎರಡೂ ಬೀಗಗಳ ಇನ್ನೊಂದು ಜೊತೆ ಕೀಲಿಕೈ ಕಚೇರಿಯಲ್ಲಿತ್ತು, ಕೇಳಿದರೆ ಕೊಡುತ್ತಿದ್ದರು. ಅಕ್ಕ ಕೇಳಲಿಲ್ಲ. ಬೀರುವಿನ ಎದುರು ಒಂದು ಸ್ಟೂಲು ಹಾಕಿಕೊಂಡು ಕುಳಿತಳು. ಅವನು ಮೆಟ್ಟಿಲು ಹತ್ತಿ ಬರುತ್ತಲೇ ಅವಳನ್ನು ಕಂಡು ಅರ್ಧದಲ್ಲೇ ನಿಂತ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಏನೂ ಅಂದಿರಲಿಲ್ಲ, ಅವನ ಕೈ ಆಗಲೇ ಜೇಬಿನಲ್ಲಿದ್ದ ಬೀಗದ ಕೈಯ ಮೇಲೆ ಹೋಗಿತ್ತು.

“ಪ್ಯಾನೆಲ್ ಕೊಡು.”

“ಅದು... ಅದು ಕೆಟ್ಟುಹೋಗಿದೆ ಅಕ್ಕ, ಅದಕ್ಕೇ ನಾನು...”

“ಕೆಟ್ಟಿರೋದನ್ನೇ ಕೊಡು.”

ಪ್ಯಾನೆಲ್ಲು ಕೆಟ್ಟಿರಲಿಲ್ಲ. ಅಕ್ಕ ಅದಕ್ಕೆ ಎರಡೇ ಸಾಲಿನ ಒಂದು ಪ್ರಶ್ನೆ ಬರೆದಳು. ‘ಮಿತಿ ಎಂಬ ಡಬ್ಬಿ ಎಲ್ಲಿದೆ?’ ಎಂದು ಅಪ್ಲಿಕೇಶನ್ನನ್ನು ಒಂದು ಸಲ, ಲೈಬ್ರರಿಯನ್ನು ಒಂದು ಸಲ ಕೇಳುವ ಪ್ರಶ್ನೆ. ಯಂತ್ರದೊಳಗೆ ಪ್ರತಿಯೊಂದು ಡಬ್ಬಿಗೂ ಮನೆಯ ನಂಬರಿನಂತೆ ಒಂದು ವಿಳಾಸ ಇರುತ್ತದೆ. ಒಂದೇ ಡಬ್ಬಿಯಾದರೆ ಒಂದೇ ವಿಳಾಸ ಬರಬೇಕು. ಪರದೆಯ ಮೇಲೆ ಎರಡು ವಿಳಾಸ ಬಂದವು. ಒಂದಕ್ಕೂ ಇನ್ನೊಂದಕ್ಕೂ ಹತ್ತಿರದ ಸಂಬಂಧವೂ ಇರಲಿಲ್ಲ.

ಆಗ ಅವಳು ಮೊದಲ ಬಾರಿಗೆ ತಮ್ಮನ ಪ್ರೋಗ್ರಾಮಿನ ದಾಖಲೆಯನ್ನು ತೆರೆದಳು. ಯಾರು, ಯಾವ ದಿನ, ಏನು ಬದಲಾಯಿಸಿದರು, ಏಕೆ ಬದಲಾಯಿಸಿದರು ಎಂಬುದು ಅಲ್ಲಿ ತಾನಾಗಿ ಉಳಿದಿರುತ್ತದೆ. ಐದು ತಿಂಗಳ ಹಿಂದಿನ ಒಂದು ದಿನದ ಎದುರು ಅವನು ಬರೆದಿದ್ದ: ‘ತಾತ್ಕಾಲಿಕ. ಅಕ್ಕನಿಗೆ ಹೇಳಿದರೆ ಹಲಗೆ, ಸಹಿ, ಒಂದು ವಾರ. ಆಮೇಲೆ ನೋಡೋಣ.’

ಅವಳು ಅದನ್ನು ಮೂರು ಸಲ ಓದಿದಳು. ಅವಸರಕ್ಕೆ ಮಾಡಿದ ತಪ್ಪು. ಅದನ್ನು ಅವಳು ಆ ಕ್ಷಣದಲ್ಲೇ ಕ್ಷಮಿಸಿಬಿಡುತ್ತಿದ್ದಳು. ಬೆಂಕಿಯಂತೆ ಸುಟ್ಟದ್ದು ಅದಲ್ಲ. ಹನ್ನೊಂದು ದಿನಗಳ ಚಹಾ. ಆ ಕುರ್ಚಿ. “ಇಲ್ಲೇನಾದ್ರೂ ಇರಬಹುದಾ” ಎಂದು ಅವಳ ಸಾಲುಗಳ ಮೇಲೆ ಓಡಾಡಿದ ಆ ಬೆರಳು.

“ಯಾವಾಗಿಂದ ಗೊತ್ತು ನಿನಗೆ?”

“ಫೋನು ಬಂತಲ್ಲ, ಆವತ್ತೇ ಹೊಳೀತು” ಎಂದ ಅವನು, ನೆಲ ನೋಡುತ್ತಾ. “ಹೇಳ್ಬೇಕು ಅಂತಲೇ ಇದ್ದೆ ಅಕ್ಕ.”

“ಯಾವಾಗ?”

ಅವನು ಜೇಬಿನ ಬೀಗದ ಕೈಯನ್ನು ತೆಗೆದು ಮೇಜಿನ ಮೇಲಿಟ್ಟ.

“ನಾಳೆ ನಾನು ಸಹಿ ಹಾಕಿದ ಮೇಲಾ?”

“ನೋಡಕ್ಕ, ಸ್ವಲ್ಪ ಯೋಚನೆ ಮಾಡು. ನಿನಗೆ ಇಲ್ಲಿ ಹೆಸರಿದೆ. ನೀನು ತಪ್ಪು ಮಾಡಿದೆ ಅಂದ್ರೆ ಪಾಪ, ವಯಸ್ಸಾಯ್ತು ಅಂತಾರೆ, ಅಷ್ಟೇ. ನಾನು ಮಾಡಿದೆ ಅಂದ್ರೆ ಬೇಕಂತ ಮುಚ್ಚಿಟ್ಟ ಅಂತಾರೆ. ನನಗೆ ಹೆಂಡತಿ ಮಕ್ಕಳು ಇದಾರೆ. ನಿನಗೆ ಯಾರಿದಾರೆ ಹೇಳು?”

ಹೇಳಿದ ಮೇಲೆ ಅವನಿಗೇ ಅದು ಕೇಳಿಸಿತೇನೋ, ಬಾಯಿ ಮುಚ್ಚಿಕೊಂಡ. ಅಕ್ಕ ಪ್ಯಾನೆಲ್ಲಿನ ತಂತಿಯನ್ನು ಕಿತ್ತು, ಸುರುಳಿ ಸುತ್ತಿ, ಪ್ಯಾನೆಲ್ಲನ್ನೂ ಅದನ್ನೂ ತನ್ನ ಚೀಲಕ್ಕೆ ಹಾಕಿಕೊಂಡಳು.

“ನೀನಿದೀಯ ಅಂದ್ಕೊಂಡಿದ್ದೆ ಕಣೋ” ಎಂದಳು. ದನಿ ಏರಿರಲಿಲ್ಲ.

ಸಂಜೆ ಐದೂವರೆಗೆ ಅವಳು ಮನೆ ತಲುಪುವ ಮುಂಚೆಯೇ ಸುದ್ದಿ ತಲುಪಿತ್ತು. ಅಮ್ಮ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಎಪ್ಪತ್ತು ದಾಟಿದ ಜೀವ. ಹೊಲಿಗೆ ಯಂತ್ರದ ಮುಂದೆ ಬಾಗಿ ಬಾಗಿ ಬೆನ್ನು ಗೂನಾಗಿತ್ತು.

“ಅವನು ಫೋನು ಮಾಡಿದ್ದ. ಅಳ್ತಿದ್ದ.”

“ಅತ್ತನಾ? ನನ್ನ ಮುಂದೆ ಅಳಲಿಲ್ಲ.”

“ಹೊಟ್ಟೆಗೆ ಹಾಕ್ಕೊಳ್ಳೇ. ಚಿಕ್ಕೋನು, ಏನೋ ಆಗ್ಹೋಯ್ತು.”

“ನಲವತ್ತು ವರ್ಷದ ಚಿಕ್ಕೋನು ಅಮ್ಮ!”

“ನಿನಗಿಂತ ಚಿಕ್ಕೋನೇ ಅಲ್ವೇನೆ? ಎಷ್ಟೋ ಸಲ ನೀನೇ ಹೊತ್ಕೊಂಡಿದೀಯ. ಇನ್ನೊಂದು ಸಲ ಹೊತ್ಕೊಂಡ್ರೆ ನಿನ್ನ ಗಂಟೇನು ಹೋಗತ್ತೆ?”

ಅಕ್ಕ ಚೀಲ ಇಳಿಸದೆಯೇ ಕುರ್ಚಿಯಲ್ಲಿ ಕುಳಿತಳು. ತಮ್ಮ ಕೈಕೊಟ್ಟದ್ದು ಒಂದು ನೋವು. ಅಮ್ಮನ ತಕ್ಕಡಿ ಯಾವ ಕಡೆ ತೂಗುತ್ತದೆಂಬುದನ್ನು ಅಮ್ಮನ ಬಾಯಿಂದಲೇ ಕೇಳಿದ್ದು ಇನ್ನೊಂದು.

“ಅಮ್ಮ, ಇದು ಶಾಲೇಲಿ ಅವನು ಮುರಿದ ಸ್ಲೇಟಿನ ವಿಷಯ ಅಲ್ಲ” ಎಂದಳು ಕೊನೆಗೆ. “ನಾನು ಸಹಿ ಹಾಕಿದ್ರೆ ತಪ್ಪು ಇಲ್ಲದ ಕಡೆ ಹುಡುಕ್ತಾರೆ. ಇನ್ನೂ ನಲವತ್ತೆರಡು ಕೋಣೆಲಿ ಇದೇ ಪೆಟ್ಟಿಗೆ ನೇತಾಡ್ತಿದೆ. ಪರದೆ ಒಂದು ಹೇಳತ್ತೆ, ಗಂಟೆ ಇನ್ನೊಂದು ನಂಬಿರತ್ತೆ. ಯಾವುದೋ ಒಂದು ಕೋಣೆಲಿ ಥರ್ಮಾಮೀಟರ್ ನೋಡೋ ಮುದುಕಿ ಇಲ್ದೇ ಹೋದ್ರೆ? ಅದನ್ನೂ ನನ್ನ ಹೊಟ್ಟೆಗೇ ಹಾಕ್ಕೊಳ್ಲಾ?”

ಅಮ್ಮ ಒಳಗೆ ಹೋಗಿ, ಒಲೆಯ ಮೇಲೆ ಏನೂ ಇಲ್ಲದಿದ್ದರೂ ಒಲೆಯನ್ನು ಒರೆಸತೊಡಗಿದರು.

ಶುಕ್ರವಾರ ಬೆಳಗ್ಗೆ ಯಜಮಾನರ ಕೋಣೆಯಲ್ಲಿ ಅಕ್ಕ ಪ್ಯಾನೆಲ್ಲನ್ನು ಮೇಜಿನ ಮೇಲಿಟ್ಟು ಎರಡು ವಿಳಾಸಗಳನ್ನು ತೋರಿಸಿದಳು. ಸುತ್ತಿ ಬಳಸಿ ಹೇಳುವುದು ಅವಳ ಜಾಯಮಾನವಲ್ಲ. ಕಡ್ಡಿ ತುಂಡು ಮಾಡಿದಂತೆ ಹೇಳಿದಳು. ತಮ್ಮ ಪದ ಅಳಿಸಿದ್ದು, ಹಲಗೆಯಲ್ಲಿ ಬರೆಯದಿದ್ದದ್ದು, ಪ್ಯಾನೆಲ್ಲನ್ನು ಬಚ್ಚಿಟ್ಟದ್ದು. ಕಡೆಯಲ್ಲಿ ತನ್ನ ಪಾಲಿನದನ್ನೂ ಬಿಡಲಿಲ್ಲ.

“ಹೊಸ ಪ್ಯಾನೆಲ್ ಹೆಸರುಗಳನ್ನ ಮುಚ್ಚಿಡತ್ತೆ ಅಂತ ನನಗೂ ಗೊತ್ತಿತ್ತು ಸಾರ್. ಅವನು ಕೇಳ್ಲಿಲ್ಲ ಅಂದಾಗ ನಾನೇ ಹೋಗಿ ಹೇಗೆ ಜೋಡಿಸಿದೆ ಅಂತ ಕೇಳ್ಬೇಕಿತ್ತು. ಕೇಳ್ಲಿಲ್ಲ. ಮತ್ತೆ, ಡಬ್ಬೀನೇ ಕೈಗೆ ಕೊಟ್ಟು ನಂಬಿಕೆ ಮೇಲೆ ನಡೆಸಿದ್ದು ನನ್ನ ತಪ್ಪು. ಹಲಗೆ ಮೇಲೆ ಬರೆದ ನಿಯಮ ಯಂತ್ರಕ್ಕೆ ಹೇಗೆ ಗೊತ್ತಾಗ್ಬೇಕು?”

ಯಜಮಾನರು ತಮ್ಮನ ಕಡೆ ತಿರುಗಿದರು. “ಏನಪ್ಪ, ನಿಜಾನಾ?”

“ನಿಜ ಸಾರ್” ಎಂದ ಅವನು. ಅಕ್ಕನ ಕಡೆ ತಲೆ ಎತ್ತಲಿಲ್ಲ.

ಅಂದೇ ನಲವತ್ತೆರಡು ಕೋಣೆಗಳಿಗೂ ಫೋನು ಹೋಯಿತು: ಪ್ಯಾನೆಲ್ಲನ್ನು ನಂಬಬೇಡಿ, ಎರಡು ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಬರೆದಿಡಿ ಎಂದು. ತಮ್ಮನನ್ನು ಯಾರೂ ಹೊರಗೆ ಹಾಕಲಿಲ್ಲ. ಅವನೇ ಒಂದು ತಿಂಗಳಲ್ಲಿ ಊರಿನ ಆಚೆ ತುದಿಯ ಇನ್ನೊಂದು ಕಡೆ ಕೆಲಸ ಹುಡುಕಿಕೊಂಡ. ಹೊರಡುವ ದಿನ ಎಲ್ಲರ ಮೇಜಿಗೂ ಹೋಗಿ ಹೇಳಿ ಬಂದ; ಅಕ್ಕನ ಮೇಜಿನ ಹತ್ತಿರ ಮಾತ್ರ ಹೋಗಲಿಲ್ಲ. “ಹೊರಗಿನವರಾದ್ರೆ ತಡ್ಕೋಬಹುದು. ಒಡಹುಟ್ಟಿದವಳೇ ಹೀಗೆ ಮಾಡಿದ್ಲಲ್ಲ” ಎಂದು ಮೆಟ್ಟಿಲ ಹತ್ತಿರ ಯಾರಿಗೋ ಹೇಳುತ್ತಿದ್ದುದು ಅವಳ ಕಿವಿಗೂ ಬಿತ್ತು. ಅವನು ನಟಿಸುತ್ತಿರಲಿಲ್ಲ. ಮೋಸ ಹೋದವನು ತಾನೇ ಎಂದು ಅವನು ಮನಸಾರೆ ನಂಬಿದ್ದ. ಅಕ್ಕನಿಗೆ ಎಲ್ಲಕ್ಕಿಂತ ಹೆಚ್ಚು ದಿನ ಕಾಡಿದ್ದು ಅದೇ.

ಆಮೇಲೆ ಅವಳು ಲೈಬ್ರರಿಯನ್ನು ಬಿಚ್ಚಿ ಹೊಸದಾಗಿ ಕಟ್ಟಿದಳು. ಈಗ ಅದರೊಳಗಿನ ಒಂದು ಡಬ್ಬಿಯೂ ಹೊರಗಿನವರ ಕೈಗೆ ಸಿಗುವುದಿಲ್ಲ. ಅಂಕಿ ಬೇಕಾದವರು ಬಾಗಿಲಲ್ಲಿ ನಿಂತು ಕೇಳಬೇಕು. ಬದಲಾಯಿಸಬೇಕಾದವರು ಹೇಳಿ, ಒಪ್ಪಿಗೆ ಪಡೆದು ಹೋಗಬೇಕು. ಹೆಸರು ಒಂದೇ ಇಟ್ಟ ಮಾತ್ರಕ್ಕೆ ಒಳಗೆ ಬಿಡುವ ಪದ್ಧತಿ ತೆಗೆದುಹಾಕಿದಳು. ಗೋಡೆಯ ಹಲಗೆಯನ್ನು ಅವಳೇ ನಿಂತು ಇಳಿಸಿದಳು. “ಇರಲಿ ಬಿಡಿ ಅಕ್ಕ, ನೋಡೋಕೆ ಚೆನ್ನಾಗಿದೆ” ಎಂದಳು ಭೂತಗನ್ನಡಿ. “ನೋಡೋಕೆ ಚೆನ್ನಾಗಿತ್ತು, ಅಷ್ಟೇ” ಎಂದಳು ಅಕ್ಕ.

ಭಾನುವಾರ ಹತ್ತು ಗಂಟೆಗೆ ತಮ್ಮ ಮಕ್ಕಳನ್ನು ಕರೆದುಕೊಂಡು ಅಮ್ಮನನ್ನು ನೋಡಲು ಬರುತ್ತಾನೆ. ಒಂಬತ್ತೂವರೆಗೆ ಅಕ್ಕ ಚೀಲ ಹಿಡಿದು ಮಾರುಕಟ್ಟೆಗೆ ಹೊರಡುತ್ತಾಳೆ. ಇದನ್ನು ಯಾರೂ ಮಾತಾಡಿ ಗೊತ್ತುಮಾಡಿದ್ದಲ್ಲ. ಅಮ್ಮನ ಕಣ್ಣಿನ ಔಷಧಿ ಮುಗಿದಾಗ ಮಾತ್ರ ಅವನಿಂದ ಫೋನು ಬರುತ್ತದೆ. “ತರ್ಬೇಕಾ, ತಂದಿದೀಯಾ?” “ತಂದಿದೀನಿ.” ಅಷ್ಟೇ ಮಾತು. ಒಂದು ಸಲ ಅವನು ಇಡದೆ ಸ್ವಲ್ಪ ಹೊತ್ತು ಹಾಗೇ ಇದ್ದ, ಅವಳೂ ಇದ್ದಳು. ಆಮೇಲೆ ಯಾರು ಮೊದಲು ಇಟ್ಟರೋ ಅವಳಿಗೆ ನೆನಪಿಲ್ಲ.

ಈಚಿನ ದಿನಗಳಲ್ಲಿ ಅಕ್ಕ ಕಾರ್ಖಾನೆಯಲ್ಲಿ ಸಿಗುವುದು ಅಪರೂಪ. ಹೆಗಲಿಗೆ ಚೀಲ, ಕೈಯಲ್ಲಿ ಒಂದು ಪಟ್ಟಿ. ಬಸ್ಸು ಹತ್ತಿ, ಇಳಿದು, ನಡೆದು, ನಲವತ್ತಮೂರು ಕೋಣೆಗಳಿಗೂ ತಾನೇ ಹೋಗುತ್ತಿದ್ದಾಳೆ. ಬೇರೆಯವರನ್ನು ಕಳಿಸೋಣ ಎಂದು ಯಜಮಾನರು ಹೇಳಿದ್ದರು. ಬೇಡ ಎಂದಳು. ಪ್ಯಾನೆಲ್ಲಿನಲ್ಲಿ ಹೊಸ ಪ್ರೋಗ್ರಾಮು ಹಾಕಿ, ಅಲ್ಲಿನವರಿಂದಲೇ ಮಿತಿಯ ಬದಲಾವಣೆ ಮಾಡಿಸಿ, ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲುತ್ತಾಳೆ. ಆ ಮಿತಿ ದಾಟಿದ ಕೂಡಲೇ ಗಂಟೆ ತನ್ನ ಕಿವಿಗೆ ಕೇಳಿಸಿದ ಮೇಲೆಯೇ ಪಟ್ಟಿಯಲ್ಲಿ ಗುರುತು ಹಾಕುವುದು. ಮೊನ್ನೆಯ ಹೊತ್ತಿಗೆ ಮೂವತ್ತೊಂದು ಮುಗಿದಿದ್ದವು.

ಅಂದು ಮೂವತ್ತೆರಡನೆಯ ಕೋಣೆ. ಹೂವಿನ ಗೆಡ್ಡೆಗಳ ಗೋದಾಮು. ಅಲ್ಲಿನ ಕಾವಲುಗಾರ ಮಾತಿನ ಮಲ್ಲ. ಅವಳು ಸ್ಕ್ರೂ ಬಿಚ್ಚುವಷ್ಟರಲ್ಲಿ ಮೂರು ಊರಿನ ಸಮಾಚಾರ ಹೇಳಿ ಮುಗಿಸಿದ್ದ.

“ಇದನ್ನ ಗೋಡೆಗೆ ಹಾಕೋಕೆ ಒಬ್ಬರು ಬಂದಿದ್ರಲ್ಲ, ನಗುನಗುತ್ತಾ ಮಾತಾಡೋರು. ಇಡೀ ದಿನ ನಮ್ಮಕ್ಕ ಹಾಗೆ, ನಮ್ಮಕ್ಕ ಹೀಗೆ ಅಂತ ಒಂದೇ ಸಮ ಹೇಳ್ತಿದ್ರು. ಒಳ್ಳೆ ಮನುಷ್ಯ. ಹೇಗಿದಾರೆ ಅವರು?”

ಅಕ್ಕ ಪ್ಯಾನೆಲ್ಲಿನ ಮುಚ್ಚಳವನ್ನು ಕೂರಿಸಿ, ಸ್ಕ್ರೂಗಳನ್ನು ಒಂದೊಂದಾಗಿ ಬಿಗಿ ಮಾಡಿದಳು.

“ಚೆನ್ನಾಗಿದಾನಂತೆ” ಎಂದಳು. “ಈಗ ಮಿತಿ ಐದಕ್ಕೆ ಇಡಿ ಅಣ್ಣ, ನೀವೇ ಒತ್ತಿ. ಸ್ವಲ್ಪ ಜೋರಾಗಿ ಬಾರಿಸತ್ತೆ, ಹೆದರ್ಕೋಬೇಡಿ.”

ಅವನು ಒತ್ತಿದ. ಅವಳು ಸೆನ್ಸರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಗೋಡೆಗೆ ಒರಗಿ, ಅದು ಬಿಸಿಯಾಗುವುದನ್ನೇ ಕಾಯುತ್ತಾ ನಿಂತಳು.